ಗೆರೆ ದಾಟುವ ತಂತಿಗಳು

ಬಿಡುವು ಸಿಕ್ಕಾಗಲೆಲ್ಲ ಚೌಕುಳಿ ಹಾಳೆಯ ಮೇಲೆ ಪುಟ್ಟದೊಂದು ಸರ್ಕ್ಯೂಟ್ ಬರೆದು ಅದನ್ನು ಎರಡು ಪಾಲು ಮಾಡುವುದು ನನಗೆ ಬಲು ಇಷ್ಟ. ಎರಡೂ ಕಡೆ ಗೇಟುಗಳು (ಸರ್ಕ್ಯೂಟಿನ ಪುಟ್ಟ ಘಟಕಗಳು) ಸಮನಾಗಿರಬೇಕು, ನಡುವಿನ ಗೆರೆ ದಾಟುವ ತಂತಿಗಳು ಆದಷ್ಟು ಕಡಿಮೆಯಿರಬೇಕು. ಗೆರೆ ದಾಟುವ ತಂತಿ ಉದ್ದವಾಗುವುದೇ ಹೆಚ್ಚು. ಚಿಪ್‌ನಲ್ಲಿ ತಂತಿ ಉದ್ದವಾದಷ್ಟೂ ಸಂಕೇತ ತಡ, ವಿದ್ಯುತ್ ಖರ್ಚು ಜಾಸ್ತಿ.

ಕೇಳಲು ಸುಲಭ. ಆದರೆ ಇಪ್ಪತ್ತು ಗೇಟುಗಳನ್ನು ಹತ್ತು ಹತ್ತಾಗಿ ಹಂಚಲು 92,378 ದಾರಿಗಳಿವೆ. ನಲವತ್ತಾದರೆ 6,892 ಕೋಟಿಗೂ ಮಿಗಿಲು! ಒಂದೊಂದನ್ನೇ ಎಣಿಸುತ್ತ ಕೂರುವ ಮಾತೇ ಇಲ್ಲ.

ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಹಾನ್ (ಸಿ ಭಾಷೆಯ ಪುಸ್ತಕ ಬರೆದವರಲ್ಲಿ ಒಬ್ಬರು) ಮತ್ತು ಶೆನ್ ಲಿನ್ 1970ರಲ್ಲಿ ಪ್ರಕಟಿಸಿದ ಉಪಾಯ ನನಗೆ ಅಚ್ಚುಮೆಚ್ಚು. ಆ ಕಡೆಯದೊಂದು, ಈ ಕಡೆಯದೊಂದು ಗೇಟನ್ನು ಅದಲುಬದಲು ಮಾಡಬೇಕು. ದಾಟುವ ತಂತಿಗಳನ್ನು ಹೆಚ್ಚು ಇಳಿಸುವ, ಅಂದರೆ ಹೆಚ್ಚು ಲಾಭದ ಜೋಡಿಗೆ ಮೊದಲ ಸರದಿ. ಒಮ್ಮೆ ಬದಲಾದದ್ದನ್ನು ಆ ಸುತ್ತಿನಲ್ಲಿ ಮತ್ತೆ ಮುಟ್ಟುವಂತಿಲ್ಲ. ಸೊಗಸಿರುವುದು ಇನ್ನು ಮುಂದೆ: ನಷ್ಟ ಶುರುವಾದರೂ ಆಟ ನಿಲ್ಲುವುದಿಲ್ಲ. ಹನ್ನೆರಡು ಗೇಟುಗಳ ಹಾಳೆಯೊಂದು ಈಗ ನನ್ನ ಮುಂದಿದೆ. ಮೊದಲ ಬದಲಾವಣೆಗೆ ದಾಟುವ ತಂತಿ ಎರಡು ಇಳಿಯಿತು. ಎರಡನೆಯದಕ್ಕೆ ಒಂದು ಏರಿತು. ಮೂರನೆಯದಕ್ಕೆ ಒಮ್ಮೆಲೇ ಮೂರು ಇಳಿಯಿತು! ಎರಡನೆಯ ಸಲ ಸರಿದ ಗೇಟುಗಳಿಗೆ ತಂತಿ ಕಟ್ಟಿಕೊಂಡಿದ್ದ ಜೊತೆಗಾರರು ಹಿಂದೆ ಉಳಿದಿದ್ದರು. ಅವರೂ ಗೆರೆ ದಾಟಿದ ಮೇಲೆ ಗುಂಪು ಒಂದಾಯಿತು. ಒಂದರ ನಷ್ಟಕ್ಕೆ ಅಂಜಿ ನಿಂತಿದ್ದರೆ ಆ ಮೂರು ಸಿಗುತ್ತಿರಲಿಲ್ಲ. ಆರೂ ಜೋಡಿ ಬದಲಾದರೆ ಎರಡು ಪಾಲುಗಳು ಜಾಗ ಬದಲಿಸಿದಂತಷ್ಟೇ, ದಾಟುವ ತಂತಿ ಮೊದಲಿನಷ್ಟೇ. ಹಾಗಾಗಿ ಒಟ್ಟು ಲಾಭ ಅತಿ ಹೆಚ್ಚಿದ್ದ ಮೂರನೆಯ ಹೆಜ್ಜೆಗೆ ಹಿಂದಿರುಗಿ, ಅಲ್ಲಿಂದ ಹೊಸ ಸುತ್ತು.

1982ರಲ್ಲಿ ಫಿಡುಚಿಯಾ ಮತ್ತು ಮ್ಯಾಥೀಸಸ್ ಎಂಬ ಸಂಶೋಧಕರು ಈ ಉಪಾಯವನ್ನು ಚುರುಕುಗೊಳಿಸಿದರು. ಜೋಡಿಯ ಬದಲು ಒಂದೊಂದೇ ಗೇಟು ಸರಿಯುತ್ತದೆ. ಲಾಭಕ್ಕೆ ತಕ್ಕಂತೆ ಗೇಟುಗಳು ಬೇರೆ ಬೇರೆ ಬುಟ್ಟಿಗಳಲ್ಲಿರುತ್ತವೆ, ಮುಂದಿನದನ್ನು ಹುಡುಕಾಡಬೇಕಿಲ್ಲ. 1990ರ ದಶಕದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಚ್‌ಮೆಟಿಸ್ ಎಂಬ ತಂತ್ರಾಂಶ ಗೇಟುಗಳನ್ನು ಮೊದಲು ಗುಂಪು ಕಟ್ಟಿ ಸರ್ಕ್ಯೂಟನ್ನೇ ಕುಗ್ಗಿಸಿ, ಪಾಲು ಮಾಡಿ, ಮತ್ತೆ ಬಿಡಿಸುತ್ತ ತಿದ್ದುತ್ತದೆ. ಆ ತಿದ್ದುವಿಕೆಗೆ ಬಳಕೆಯಾಗುವುದು 1982ರ ಉಪಾಯದ ಬಗೆಯದೇ.

ಸಿಕ್ಕ ಉತ್ತರವೇ ಅತ್ಯುತ್ತಮ ಎಂಬ ಖಾತರಿ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಆರಂಭ ಬದಲಾದರೆ ಕೊನೆಯೂ ಬದಲಾಗಬಹುದು, ಅದಕ್ಕೇ ಅದೇ ಸರ್ಕ್ಯೂಟ್ ನನಗೆ ಬೇಸರ ತರಿಸುವುದಿಲ್ಲ. ನೀವೂ ಹನ್ನೆರಡು ಚುಕ್ಕಿ ಇಟ್ಟು, ಮನಸ್ಸಿಗೆ ಬಂದಂತೆ ತಂತಿ ಎಳೆದು ಒಂದು ಸುತ್ತು ಆಡಿ ನೋಡಿ. ನಷ್ಟದ ಹೆಜ್ಜೆ ಬಂದಾಗ ಪೆನ್ಸಿಲ್ ಕೆಳಗಿಡಬೇಡಿ.