ಕಡಲಿಗೆ ಮುಖಮಾಡಿದ ಊರುಗಳು

ಸಮುದ್ರ ವ್ಯಾಪಾರವನ್ನೇ ನೆಚ್ಚಿ ಬೆಳೆದ ಹಳೆಯ ಊರುಗಳನ್ನು ನೀರಿನ ದಾರಿಯಿಂದಲೇ ಹೊಗಬೇಕು. ಏಕೆಂದರೆ ಅವುಗಳ ಹೆಬ್ಬಾಗಿಲು, ಕೋಟೆ, ಸುಂಕದ ಕಟ್ಟೆಗಳೆಲ್ಲ ಹಡಗಿನಲ್ಲಿ ಬರುವವರನ್ನು ಎದುರುಗೊಳ್ಳಲೆಂದೋ ತಡೆಯಲೆಂದೋ ನಿಂತಿರುತ್ತವೆ, ಹೆದ್ದಾರಿಯಿಂದ ಇಳಿದು ಬಂದವರಿಗೆ ಮೊದಲು ಕಾಣುವುದು ಅವುಗಳ ಬೆನ್ನು. ಹೀಗಾಗಿ ಕ್ರೂಸ್ ಪ್ರವಾಸಕ್ಕೆ, ಅಂದರೆ ಹಡಗನ್ನೇ ವಸತಿಯಾಗಿಸಿಕೊಂಡು ರಾತ್ರಿ ಸಾಗಿ ಹಗಲು ಒಂದೊಂದು ಬಂದರಿನಲ್ಲಿ ತಂಗುವ ವಿಹಾರಯಾನಕ್ಕೆ, ಬೇರೆ ಪ್ರವಾಸಗಳಿಗಿಲ್ಲದ ಒಂದು ಅನುಕೂಲವಿದೆ. ಅದರ ಕೊರತೆಯೂ ಅಷ್ಟೇ ದೊಡ್ಡದು: ಅದು ಸರಿಯಾದ ಬಾಗಿಲಿಗೆ ಕರೆದೊಯ್ಯುತ್ತದೆ, ಒಳಗೆ ಕೂರಲು ಬಿಡುವುದಿಲ್ಲ. ಆಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯ ಕೊಟೊರ್ ಮತ್ತು ಡುಬ್ರೊವ್ನಿಕ್ ಪಟ್ಟಣಗಳಲ್ಲಿ ಇವೆರಡೂ ಎದ್ದು ಕಾಣುತ್ತವೆ.

ಮಾಂಟೆನೆಗ್ರೊ ದೇಶದ ಕೊಟೊರ್ ತೆರೆದ ಕಡಲಿನ ಮೇಲಿಲ್ಲ. ನದಿ ಕೊರೆದ ಕಣಿವೆಯೊಳಗೆ ಸಮುದ್ರ ನುಗ್ಗಿ ಆದ, ಸುಮಾರು 28 ಕಿ.ಮೀ. ಉದ್ದದ ಕೊಲ್ಲಿಯ ತುದಿಯಲ್ಲಿದೆ. ವೆರಿಗೆ ಎಂಬಲ್ಲಿ ಕೊಲ್ಲಿ ಸುಮಾರು 340 ಮೀಟರಿಗೆ ಕಿರಿದಾಗುತ್ತದೆ. ಹಡಗು ವೇಗ ತಗ್ಗಿಸಿ ಆ ಇಕ್ಕಟ್ಟನ್ನು ದಾಟುವಾಗ, 1420ರಿಂದ 1797ರವರೆಗೆ ಇಲ್ಲಿ ಆಳಿದ ವೆನಿಸ್ ಗಣರಾಜ್ಯಕ್ಕೆ ಈ ಊರು ಏಕೆ ಬೇಕಾಗಿತ್ತೆಂಬುದು ಯಾವ ಪುಸ್ತಕದ ನೆರವಿಲ್ಲದೆ ತಿಳಿಯುತ್ತದೆ. ಅಲ್ಲೇ ಪೆರಾಸ್ಟ್ ಎಂಬ ಹಳ್ಳಿಯೆದುರು ಎರಡು ದ್ವೀಪಗಳಿವೆ. ಒಂದು ಸಹಜವಾದದ್ದು, ಇನ್ನೊಂದನ್ನು ಅಲ್ಲಿನ ನಾವಿಕರು ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿ, ಬಂಡೆಗಳನ್ನು ಹಾಕುತ್ತ ಬಂದು ಕಟ್ಟಿದ್ದು, ಅದರ ಮೇಲೆ ಮೇರಿಮಾತೆಯ ಚರ್ಚಿದೆ. ಪ್ರತಿ ಜುಲೈ 22ರ ಸಂಜೆ ಊರಿನವರು ದೋಣಿಗಳನ್ನು ಸಾಲಾಗಿ ಕಟ್ಟಿಕೊಂಡು ಹೋಗಿ ದ್ವೀಪದ ಸುತ್ತ ಕಲ್ಲು ಹಾಕುವ ಪದ್ಧತಿ ಇಂದಿಗೂ ನಡೆದಿದೆ. ಕಟ್ಟಿದವರ ವಂಶಸ್ಥರೇ ಇನ್ನೂ ಕಟ್ಟುತ್ತಿರುವ ಸ್ಮಾರಕ ಲೋಕದಲ್ಲಿ ಅಪರೂಪ. ಹೆಚ್ಚಿನ ಹಡಗುಗಳು ಅದನ್ನು ಬದಿಯಲ್ಲೇ ದಾಟಿ ಹೋಗುತ್ತವೆಂಬುದು ನಿಜಕ್ಕೂ ಖೇದದ ಸಂಗತಿ.

ಕ್ರೊಯೇಷಿಯಾದ ಡುಬ್ರೊವ್ನಿಕ್ ಹಿಂದೆ ರಗೂಸಾ ಎಂಬ ಹೆಸರಿನಿಂದ 1808ರವರೆಗೆ ಗಣರಾಜ್ಯವಾಗಿತ್ತು. ಸುಮಾರು ಎರಡು ಕಿ.ಮೀ. ಸುತ್ತಳತೆಯ ಅದರ ಕೋಟೆಗೋಡೆ ಪರಿಚಿತವೇ. ಅದಕ್ಕಿಂತ ಹೆಚ್ಚು ಹೇಳುವುದು ಪಕ್ಕದ ಬಂಡೆಯ ಮೇಲಿನ ಲೊವ್ರಿಯೆನಾತ್ಸ್ ದುರ್ಗ. ಅದರ ಹೊರಗೋಡೆ ಕೆಲವೆಡೆ 12 ಮೀಟರ್ ದಪ್ಪವಿದ್ದರೆ ಊರಿಗೆ ಎದುರಾದ ಗೋಡೆ ಬರೀ 60 ಸೆಂಟಿಮೀಟರ್. ದುರ್ಗದ ಅಧಿಪತಿ ಊರಿನ ಮೇಲೇ ತಿರುಗಿಬಿದ್ದರೆ ಆ ಗೋಡೆಯನ್ನು ಸುಲಭವಾಗಿ ಒಡೆಯಬಹುದೆಂಬ ಎಣಿಕೆ ಅದರಲ್ಲಿದೆಯೆಂದು ವಿವರಿಸಲಾಗುತ್ತದೆ. ರೆಕ್ಟರ್ ಎಂದು ಕರೆಯುತ್ತಿದ್ದ ರಾಜ್ಯದ ಮುಖ್ಯಸ್ಥನ ಅಧಿಕಾರಾವಧಿಯೂ ಒಂದೇ ತಿಂಗಳು ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಒಬ್ಬನ ಕೈಗೆ ಅಧಿಕಾರ ಸೇರಬಾರದೆಂಬ ಎಚ್ಚರ ಆ ಊರಿನ ಕಲ್ಲುಗಳಲ್ಲೂ ಇದೆಯೆನ್ನಬೇಕು.

ಹಡಗಿನಿಂದಿಳಿದವರು ಸ್ಟ್ರಾಡುನ್ ಎಂಬ ಮುಖ್ಯ ಬೀದಿಯಲ್ಲಿ ಒಮ್ಮೆ ಹೋಗಿ ಬರುತ್ತಾರೆ. ಅಲ್ಲಿನ ಮನೆಗಳೆಲ್ಲ ಒಂದೇ ಬಗೆಯಾಗಿರುವುದಕ್ಕೆ 1667ರ ಭೂಕಂಪದ ನಂತರ ಗಣರಾಜ್ಯವೇ ವಿಧಿಸಿದ ನಿಯಮ ಕಾರಣ. ಕೆಳ ಅಂತಸ್ತಿನ ಅಂಗಡಿಗಳ ಬಾಗಿಲನ್ನು ಹತ್ತಿರದಿಂದ ಗಮನಿಸಬೇಕು: ಒಂದೇ ಕಮಾನಿನ ಕೆಳಗೆ ಅರ್ಧ ಬಾಗಿಲು, ಉಳಿದರ್ಧ ಕಿಟಕಿ, ಕಿಟಕಿಯ ಕೆಳಗಿನ ಕಲ್ಲುಕಟ್ಟೆಯೇ ಸರಕು ಕೊಡುವ ಜಾಗ, ಗಿರಾಕಿ ಬೀದಿಯಲ್ಲೇ ನಿಂತು ಕೊಳ್ಳುತ್ತಿದ್ದ. ಇನ್ನು ಕೋಟೆಗೋಡೆಯ ಮೇಲಿನಿಂದ ಕೆಳಗೆ ನೋಡಿದರೆ, ಮಾಸಿದ ಹಳೆಯ ಹೆಂಚುಗಳ ನಡುವೆ ಕಡುಕೆಂಪಿನ ಹೊಸ ಹೆಂಚುಗಳೇ ಹೆಚ್ಚಾಗಿ ಕಾಣುತ್ತವೆ. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ ಈ ಊರಿಗೆ ಬಿದ್ದ 1991-92ರ ಮುತ್ತಿಗೆಯಲ್ಲಿ ಹಳೆಯ ಊರಿನ ಮೂರನೇ ಎರಡರಷ್ಟು ಕಟ್ಟಡಗಳಿಗೆ ಷೆಲ್ ಬಿದ್ದಿತ್ತು. ಆ ಬಣ್ಣವನ್ನು ಚಂದವೆಂದು ಮೆಚ್ಚಿ ಚಿತ್ರ ತೆಗೆಯುವವರಿಗೆ ಅದರ ಕಾರಣವನ್ನೂ ಯಾರಾದರೂ ಹೇಳಬೇಕು.

ಹೊರಗಿನಿಂದ ಬಂದವರು ಎಷ್ಟು ದಿನ, ಎಲ್ಲಿ ಇರಬೇಕೆಂಬುದನ್ನು ಈ ಊರು ಬಲು ಹಿಂದೆಯೇ ಯೋಚಿಸಿತ್ತು. ಪ್ಲೇಗ್ ಇದ್ದ ಪ್ರದೇಶಗಳಿಂದ ಬರುವವರು ಹತ್ತಿರದ ಮರ್ಕಾನ್ ದ್ವೀಪದಲ್ಲೋ ತ್ಸವ್ತಾತ್ ಪಟ್ಟಣದಲ್ಲೋ ಒಂದು ತಿಂಗಳು ಕಳೆದಲ್ಲದೆ ಒಳಗೆ ಬರಕೂಡದೆಂದು 1377ರಲ್ಲೇ ಅದು ಕಾನೂನು ಮಾಡಿತು; ಕ್ವಾರಂಟೈನ್ ಎಂದು ಕರೆಯುವ ಕ್ರಮದ ಅತಿ ಹಳೆಯ ಲಿಖಿತ ಕಟ್ಟಳೆಗಳಲ್ಲಿ ಇದೊಂದು. ಮುಂದೆ ಪ್ಲೊಚೆ ಬಾಗಿಲಿನ ಹೊರಗೆ ಇದಕ್ಕೆಂದೇ ಕಟ್ಟಿದ ಲಜರೆಟ್ಟೊ, ಅಂದರೆ ವರ್ತಕರನ್ನೂ ಸರಕನ್ನೂ ಬೇರೆಯಾಗಿರಿಸುವ ಉದ್ದನೆಯ ಕಟ್ಟಡಗಳ ಸಾಲು, ಇಂದಿಗೂ ನಿಂತಿದೆ. ಒಂದು ತಿಂಗಳು ಕಾಯಿಸುತ್ತಿದ್ದ ಊರಿಗೆ ಈಗ ಸಾವಿರಾರು ಮಂದಿ ಬೆಳಿಗ್ಗೆ ಬಂದು ಸಂಜೆಗೆ ಹೊರಡುತ್ತಾರೆ. ಗೋಡೆಯೊಳಗೆ 1991ರಲ್ಲಿ ಸುಮಾರು 5000 ನಿವಾಸಿಗಳಿದ್ದರು, ಈಗ 2000ಕ್ಕಿಂತ ಕಡಿಮೆ. ಮನೆಗಳು ಬಾಡಿಗೆ ಕೋಣೆಗಳಾಗಿವೆ. 2019ರಲ್ಲಿ ನಗರಾಡಳಿತವು ಏಕಕಾಲಕ್ಕೆ ಎರಡೇ ಹಡಗು, ಹೆಚ್ಚೆಂದರೆ 4000 ಪ್ರಯಾಣಿಕರು ಎಂಬ ಮಿತಿಯನ್ನು ಹಾಕಿಕೊಂಡದ್ದು ಸರಿಯಾದ ಹೆಜ್ಜೆ.

ಆದರೂ ಸಂಖ್ಯೆಗಿಂತ ಅವಧಿಯ ವಿಷಯದಲ್ಲೇ ಹೆಚ್ಚು ಕೆಲಸ ಬಾಕಿಯಿದೆ. ಏಳು ದಿನಕ್ಕೆ ಏಳು ಬಂದರು ತೋರಿಸುವ ಯಾನಕ್ಕಿಂತ ಮೂರೇ ಬಂದರುಗಳಲ್ಲಿ ರಾತ್ರಿಯೂ ತಂಗುವ ಸಣ್ಣ ಹಡಗು ಪ್ರಯಾಣಿಕನಿಗೂ ಊರಿಗೂ ಹಿತ. ಹಾಗೆ ಡುಬ್ರೊವ್ನಿಕ್‌ನಲ್ಲಿ ತಂಗಿದವರು ಬೆಳಗಿನಲ್ಲಿ ಗುಂಡುಲಿಚ್ ಚೌಕದ ಸಂತೆಗೆ ಹೋಗಬಹುದು. ಉಳಿದಿರುವ ನಿವಾಸಿಗಳು ತರಕಾರಿ ಕೊಳ್ಳಲು ಬರುವುದು ಅಲ್ಲಿಗೆ, ಅದೂ ಬಂದರಿನ ಬಸ್ಸುಗಳು ಊರಬಾಗಿಲು ತಲುಪುವುದಕ್ಕೆ ಮೊದಲು.