‘ತಕ್ಕದ್ದು’ ಎಂಬ ಮಾತು

ಕಾಲೇಜಿನ ಸೂಚನಾ ಫಲಕವನ್ನು ನಿತ್ಯವೂ ಓದುವವರಿಗೆ ವ್ಯಾಕರಣದ ಒಂದು ಪಾಠ ಪುಕ್ಕಟೆಯಾಗಿ ದೊರೆಯುತ್ತದೆ. ‘ಶುಲ್ಕವನ್ನು ಪಾವತಿ ಮಾಡತಕ್ಕದ್ದು’ ಎಂದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ‘ಮಾಡುವುದು ಒಳ್ಳೆಯದು’ ಎಂದರೆ ತಕ್ಕ ಕಾರಣವಿದ್ದಲ್ಲಿ ಬಿಡಬಹುದು. ‘ಮಾಡಬಹುದು’ ಎಂದರೆ ಅವರವರ ಇಷ್ಟ. ಈ ಮೂರು ಮಾತುಗಳ ಮೇಲೆಯೇ ಅಂತರಜಾಲದ ವ್ಯವಹಾರವೂ ನಡೆಯುತ್ತದೆಂದು ಯಾರಾದರೂ ಹೇಳಿದ್ದರೆ, ಕಲಾ ವಿಭಾಗದವಳಾದ ನಾನು ನಂಬುತ್ತಿರಲಿಲ್ಲ.

ನಂಬಿಸಿದವನು ನನ್ನ ದೊಡ್ಡಪ್ಪನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಅವನ ಉದ್ಯೋಗ. ದಸರಾ ರಜೆಗೆ ತಗಡೂರಿಗೆ ಬಂದವನು ಜಗಲಿಯ ಮೇಲೆ ಏನನ್ನೋ ಓದುತ್ತಿದ್ದ.

“ಏನಣ್ಣ ಅದು, ಕಾದಂಬರಿಯೇ?”

“ಅಲ್ಲ ಕಣಮ್ಮ, ಆರ್‌ಎಫ್‌ಸಿ.”

ಅಭಿಪ್ರಾಯ ತಿಳಿಸಿರೆಂಬ ವಿನಂತಿ ಎಂದು ಅದರ ಅರ್ಥವಂತೆ. ಮೊದಲನೆಯದನ್ನು 1969ರ ಏಪ್ರಿಲ್ 7ರಂದು ಅಮೆರಿಕದಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಬರೆದರು. ಇಂದು ಅವು ಒಂಬತ್ತು ಸಾವಿರವನ್ನು ಮೀರಿವೆ. ಪ್ರಕಟವಾದುದನ್ನು ತಿದ್ದುವಂತಿಲ್ಲ, ಬದಲಾಯಿಸಬೇಕಾದರೆ ಹೊಸ ಸಂಖ್ಯೆಯ ಇನ್ನೊಂದನ್ನು ಬರೆಯಬೇಕು. 1997ರಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ 2119ನೆಯದು ಮೇಲಿನ ಮೂರು ಮಾತುಗಳ ಅರ್ಥವನ್ನೇ ನಿಷ್ಕರ್ಷಿಸುತ್ತದೆ. ‘ತಕ್ಕದ್ದು’ ಎಂಬುದನ್ನು ಎಚ್ಚರದಿಂದ, ಮಿತವಾಗಿ ಬಳಸಬೇಕೆಂದೂ ಅದರಲ್ಲಿದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷಾರ್ಥವೆಂದು 2017ರ 8174ನೆಯದು ಸ್ಪಷ್ಟಪಡಿಸಿತು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ ಎಂದು ನಾನು ನಕ್ಕೆ.

“ಪಾಲಿಸದಿದ್ದರೆ ಯಾರು ಶಿಕ್ಷಿಸುತ್ತಾರೆ?” ಎಂದು ಕೇಳಿದೆ. ಯಾರೂ ಇಲ್ಲವಂತೆ. ಪಾಲಿಸದವನ ಯಂತ್ರದ ಮಾತು ಇನ್ನೊಂದು ಯಂತ್ರಕ್ಕೆ ತಿಳಿಯದು, ಅಷ್ಟೆ.

ಇದು ಒಳಗೆ ಕುಳಿತಿದ್ದ ಅಜ್ಜಿಗೆ ನನಗಿಂತ ಬೇಗ ಅರ್ಥವಾಯಿತು. ತಗಡೂರು ರಾಮಚಂದ್ರರಾಯರೊಡನೆ ಖಾದಿಯನ್ನೂ ನೆನೆಯುವ ಊರು ನಮ್ಮದು; ಅಜ್ಜಿಯೂ ನೂತವಳು. 840 ಗಜದ ಇಪ್ಪತ್ತು ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 20ನೆಯ ನಂಬರಿನ ನೂಲು. ನೂಲುವವಳನ್ನು ನೇಯುವವನು ಕಾಣದಿದ್ದರೂ ಆ ನಂಬರು ಸಾಕು. “ನೂಲು ಒಂದೇ ಸಮ ಬರದಿದ್ದರೆ ಮಗ್ಗ ತಗೊಳ್ಳಲ್ಲ ಕಣವ್ವ” ಎಂದಳು.

ನನಗೆ ಈ ವಿಷಯ ಬರಿಯ ಕುತೂಹಲದ್ದಾಗಿರಲಿಲ್ಲ. ಹಿಂದಿನ ವರ್ಷ ವಿದ್ಯಾರ್ಥಿವೇತನಕ್ಕೆಂದು ಅಂಗಡಿಯೊಂದರಲ್ಲಿ ಟೈಪು ಮಾಡಿಸಿ ಕಳುಹಿಸಿದ ಕನ್ನಡ ಪತ್ರ, ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಂಡು ಹಿಂದಿರುಗಿತು. ಶುಲ್ಕದ ದಿನ ನಿಲ್ಲಲಿಲ್ಲ. ಅವ್ವನ ಓಲೆ ಗಿರವಿಗೆ ಹೋಯಿತು.

ಕಾರಣವನ್ನು ಅಣ್ಣ ತಿಳಿಸಿದ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಕನ್ನಡವೂ ಇಲ್ಲ. ಯುನಿಕೋಡ್ ನಮ್ಮ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಅದರದೇ ಸಂಖ್ಯೆಯನ್ನು ಕೊಟ್ಟಿದೆ. ಆ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮವನ್ನು 2003ರ 3629ನೆಯ ಆರ್‌ಎಫ್‌ಸಿ ವಿವರಿಸುತ್ತದೆ. ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟು. ‘ತಗಡೂರು’ ಎಂಬಲ್ಲಿ ಅಕ್ಷರ ನಾಲ್ಕು, ಸ್ವರಚಿಹ್ನೆ ಎರಡು; ಒಟ್ಟು 18 ಬೈಟು. ನಮ್ಮೂರು ಲಂಡನ್ನಿಗೆ ಹೋದರೂ ಈ 18 ಬೈಟುಗಳಲ್ಲಿ ತಗಡೂರಾಗಿಯೇ ಇರುತ್ತದೆ.

ಕಳುಹಿಸುವಾಗ ಕಟ್ಟುನಿಟ್ಟಾಗಿರು, ಸ್ವೀಕರಿಸುವಾಗ ಉದಾರಿಯಾಗಿರು ಎಂಬುದು 1980ರಲ್ಲಿ ಜಾನ್ ಪೋಸ್ಟೆಲ್ ಬರೆದ ನೀತಿ. ಕೇಳಲು ಸೊಗಸಾಗಿದೆ. ಆದರೆ ತಪ್ಪನ್ನೆಲ್ಲ ಸಹಿಸಿಕೊಂಡರೆ ತಪ್ಪೇ ರೂಢಿಯಾಗುತ್ತದೆಂದು 2023ರ 9413ನೆಯದು ಎಚ್ಚರಿಸುತ್ತದೆ. ನನಗೆ ಎರಡೂ ನಿಜವೆನಿಸುತ್ತದೆ. ಯಂತ್ರ ತಪ್ಪನ್ನು ಸಹಿಸದಿರಲಿ. ಆದರೆ ಪತ್ರ ಓದಲು ಬಾರದಿದ್ದಾಗ ಬರೆದವರನ್ನು ಒಂದು ಮಾತು ಕೇಳುವಷ್ಟು ಉದಾರತೆ ಮನುಷ್ಯರಲ್ಲಿರಲಿ.

ನಮ್ಮಲ್ಲಿ ಅನೇಕರು ನಾಳೆ ಗುಮಾಸ್ತರೋ ಉಪಾಧ್ಯಾಯರೋ ಆಗುವವರು. ಕನ್ನಡದ ಕಾಗದವನ್ನು ಯುನಿಕೋಡಿನಲ್ಲಿಯೇ ಬರೆಯತಕ್ಕದ್ದು ಎಂದು ಈಗಲೇ ನಿಶ್ಚಯಿಸೋಣ. ಮಿತವಾಗಿ ಬಳಸಬೇಕಾದ ಮಾತೆಂದು ತಿಳಿದೇ ಅದನ್ನು ಇಲ್ಲಿ ಬಳಸಿದ್ದೇನೆ. ಯುನಿಕೋಡಿನಲ್ಲಿ ಮತ್ತೆ ಟೈಪು ಮಾಡಿಸಿದ ಅರ್ಜಿ ಮಂಜೂರಾಗಿ, ಅವ್ವನ ಓಲೆ ಮನೆಗೆ ಬರುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು.