ನೀವು ಯಾವ ಜನ?

ಮದುವೆಯಾದ ಮೇಲೆ ಬಸವನಗುಡಿಯಲ್ಲೇ ಮನೆ ಮಾಡಬೇಕು ಅಂತ ನನಗೊಂದು ಹುಚ್ಚಿತ್ತು. ಆಫೀಸಿಗೆ ದೂರ, ಬಾಡಿಗೆ ಜಾಸ್ತಿ, ಎಲ್ಲಾ ಗೊತ್ತಿತ್ತು. ಆದರೆ ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಬಂದು ಎಂಟು ವರ್ಷ ಪಿಜಿಗಳಲ್ಲಿ ಕಳೆದವನಿಗೆ ಬೆಂಗಳೂರಲ್ಲಿ ಊರಿನ ಹಾಗೆ ಕಂಡಿದ್ದು ಇದೊಂದೇ ಜಾಗ.

ಒಂದು ಕಾಲಕ್ಕೆ ಇದು ಹಳ್ಳಿಯೇ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆ ಬಿಟ್ಟು ಬೆಳೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮತ್ತು ಅವುಗಳ ಕಡಲೇಕಾಯಿ ಹೊಲ. ಈಗಲೂ ಕಾರ್ತಿಕದ ಕೊನೇ ಸೋಮವಾರ ಪರಿಷೆಗೆ ರೈತರು ಮೂಟೆ ಹೊತ್ತು ಬರ್ತಾರೆ.

ಬ್ರೋಕರ್ ಮೊದಲ ದಿನವೇ ಲೆಕ್ಕ ಹೇಳಿದ. ಟೂ ಬಿಎಚ್‌ಕೆಗೆ 28,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅವನಿಗೆ ಒಂದು ತಿಂಗಳದ್ದು. 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತಲ್ಲ ಅಂದೆ. "ಹಂಗಾದ್ರೆ ಆ ಕಾಯ್ದೆ ಹತ್ರಾನೇ ಮನೆ ಕೇಳಿ ಸಾರ್" ಅಂದ. ಕರಾರು 11 ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದಕ್ಕೆ. ಎಲ್ಲಾ ಒಪ್ಪಿಕೊಂಡೆ. ಕೊನೆಗೆ ಮೆಲ್ಲಗೆ, "ಕೇಳಿದ್ರೆ ವೆಜ್ ಅಂದ್ಬಿಡಿ" ಅಂದ.

ಮೂರನೇ ಮನೆ ಇಬ್ಬರಿಗೂ ಹಿಡಿಸಿತು. ಕೆಂಪು ನೆಲ, ಬಾಲ್ಕನಿ ಮುಂದೆ ಹೊಂಗೆ ಮರ. ಹೆಂಡತಿ ಆಗಲೇ ಕಿಟಕಿ ಪರದೆಗೆ ಅಳತೆ ತಗೋತಿದ್ದಳು. ಓನರ್ ಆಂಟಿ ಕಾಫಿ ಕೊಟ್ಟರು. ಹಾಸನದ ಕಡೆಯವರು ಅಂದಾಗ ಖುಷಿಪಟ್ಟರು. ಅವರ ತವರು ಅರಕಲಗೂಡಂತೆ. ಆಮೇಲೆ ನಗ್ತಾನೇ ಕೇಳಿದರು. "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಆದರೆ ಬಂದಾಗೆಲ್ಲ ನಾಟಿಕೋಳಿ ತರೋ ಅವ್ವನಿಗೆ ಏನಂತ ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಸಂಜೆ ಬ್ರೋಕರ್ ಫೋನ್ ಮಾಡಿ, ಆಂಟಿ ಮಗ ಅಮೆರಿಕದಿಂದ ವಾಪಸ್ ಬರ್ತಿದಾರಂತೆ, ಮನೆ ಕೊಡಲ್ವಂತೆ ಅಂದ. ಹದಿನೈದು ದಿನ ಬಿಟ್ಟು ನೋಡಿದರೂ ಟು-ಲೆಟ್ ಬೋರ್ಡು ಅಲ್ಲೇ ತೂಗ್ತಿತ್ತು.

ಅಪ್ಪನಿಗೆ ಫೋನ್ ಮಾಡಿ ಹತ್ತು ನಿಮಿಷ ಕೂಗಾಡಿದೆ. ಎಲ್ಲಾ ಕೇಳಿಸಿಕೊಂಡು ಅಪ್ಪ, "ನಿಮ್ ಲೆಕ್ಕದ ಮೇಷ್ಟ್ರು ಗ್ಯಾಪ್ಕ ಇದಾರೇನಪ್ಪ?" ಅಂದ.

ಇದ್ದರು. ನಾನು ಐದನೇ ಕ್ಲಾಸಲ್ಲಿದ್ದಾಗ ನಮ್ಮೂರ ಸ್ಕೂಲಿಗೆ ಬಂದವರು, ಜಗಲಿ ಪಕ್ಕದ ನಮ್ಮ ಖಾಲಿ ಕೋಣೆಯನ್ನ ಬಾಡಿಗೆಗೆ ಕೇಳಿದ್ದರು. ತಾತ ಎಲೆಗೆ ಸುಣ್ಣ ಸವರ್ತಾ ಕೇಳಿದ್ದೂ ಇದೇ ಪ್ರಶ್ನೆ. ಮೇಷ್ಟ್ರು ತಲೆ ತಗ್ಗಿಸದೆ ಹೇಳಿದರು. "ಕೋಣೇಲಿ ಬಿತ್ತನೆ ಆಲೂಗೆಡ್ಡೆ ಇಡ್ಬೇಕು ಮೇಷ್ಟ್ರೆ" ಅಂದ ತಾತ. ಆ ವರ್ಷ ನಾವು ಆಲೂಗೆಡ್ಡೆಯನ್ನೇ ಹಾಕಿರಲಿಲ್ಲ.

ಮೇಷ್ಟ್ರು ಮೂರು ವರ್ಷ ಚನ್ನರಾಯಪಟ್ಟಣದಿಂದ ದಿನಾ ಬಸ್ಸಲ್ಲಿ ಬಂದುಹೋದರು. ಮಳೆಗಾಲದಲ್ಲಿ ನೆನೆದ ಬಟ್ಟೆಯಲ್ಲೇ ಪಾಠ ಮಾಡೋರು. ನಾನು ಬಿಇ ಸೇರೋವಷ್ಟು ಲೆಕ್ಕ ಕಲಿತದ್ದು ಅವರಿಂದಲೇ. ಆ ಕೋಣೆಯ ವಿಷಯ ಮಾತ್ರ ಬಸವನಗುಡಿಯಲ್ಲಿ ನನಗೇ ಬಾಗಿಲು ಮುಚ್ಚೋವರೆಗೂ ನೆನಪಿಗೆ ಬಂದಿರಲಿಲ್ಲ.

ಎರಡೂ ಒಂದೇ ಅಂತ ಹೇಳಲಾರೆ. ನನಗೆ ತಿಂಗಳೊಳಗೆ ಎರಡು ರಸ್ತೆಯಾಚೆ ಬೇರೆ ಮನೆ ಸಿಕ್ಕಿತು; ಆ ಓನರ್ ಕೇಳಿದ್ದು ಸಂಪಿನ ನೀರು ಹುಷಾರಾಗಿ ಬಳಸ್ತೀರಾ ಅಂತ ಅಷ್ಟೇ. ಮೇಷ್ಟ್ರಿಗೆ ನಮ್ಮೂರಲ್ಲಿ ಎರಡನೇ ಮನೆ ಇರಲಿಲ್ಲ.

ತಾತ ಈಗಿಲ್ಲ. ಹೋದ ತಿಂಗಳು ಅಪ್ಪ ಫೋನ್ ಮಾಡಿ, ಜಗಲಿ ಕೋಣೆಯನ್ನ ಹೊಸ ಟೀಚರಿಗೆ ಬಾಡಿಗೆಗೆ ಕೊಟ್ಟೆ ಅಂದ.

"ಏನೂ ಕೇಳ್ಲಿಲ್ವಾ?" ಅಂದೆ.

"ಕೇಳ್ದೆ ಕಣಪ್ಪ. ಕರೆಂಟ್ ಬಿಲ್ ಯಾರು ಕಟ್ಟೋದು ಅಂತ."